ಧೂಮಕೇತು ಹಾದುಹೋದ ಮೇಲೆ ತೆರೆದ ಹೋಟೆಲು

ಪದವಿಯ ಮೊದಲ ವರ್ಷಕ್ಕೆ ಸಾಹಿತ್ಯ ಕಲಿಸುವವರಿಗೆ ಒಂದು ಅನುಕೂಲವಿದೆ. ಆ ವಿದ್ಯಾರ್ಥಿಗಳು ಇನ್ನೂ ಗೈಡುಗಳ ಭಾಷೆಯನ್ನು ಮೈಗೂಡಿಸಿಕೊಂಡಿರುವುದಿಲ್ಲ. ಕವಿತೆಯೊಂದನ್ನು ಕಂಡ ಕೂಡಲೇ ‘ಈ ಕವಿತೆಯ ಆಶಯವೇನೆಂದರೆ’ ಎಂದು ಆರಂಭಿಸುವ ಚಾಳಿ ಅಂಟಿಕೊಳ್ಳುವುದು ಎರಡನೆಯ ವರ್ಷದಲ್ಲಿ. ಅದು ಅಂಟಿಕೊಳ್ಳುವುದರೊಳಗೆ ಏನನ್ನಾದರೂ ನಿಜವಾಗಿ ಓದಿಸಬೇಕೆಂಬ ಆಸೆಯಿಂದ, ಕೊಪ್ಪಳ ಜಿಲ್ಲೆಯ ಕಾಲೇಜೊಂದರಲ್ಲಿ ನಾನು ಕೆಲವು ಸೆಮಿಸ್ಟರುಗಳಿಂದ ಅಮೆರಿಕದ ಕಪ್ಪು ಲೇಖಕರ ಒಂದು ವಿಶಿಷ್ಟ ಬಗೆಯ ಬರಹಗಳನ್ನು ತರಗತಿಗೆ ಒಯ್ಯುತ್ತಿದ್ದೇನೆ. ಭೂಮಿಯನ್ನು ಸವರಿ ಹೋಗುವ ಧೂಮಕೇತು, ನೂರೈವತ್ತು ವರ್ಷ ಹಿಂದಕ್ಕೆ ಸೆಳೆಯಲ್ಪಡುವ ಹೆಣ್ಣುಮಗಳು, ಬರೆದಾಗ ಇನ್ನೂ ಬಾರದಿದ್ದ ವರ್ಷಗಳ ದಿನಚರಿ ಇವೆಲ್ಲ ಅವುಗಳ ವಸ್ತು. ‘ಹೀಗಾದರೆ ಏನಾಗುತ್ತಿತ್ತು?’ ಎಂಬ ಒಂದೇ ಪ್ರಶ್ನೆಯಿಂದ ಹೊರಡುವ ಈ ಬರಹವನ್ನು ಬೇರೆ ಪದ ಸಿಗುವವರೆಗೆ ಊಹಾಕಥನವೆಂದು ಕರೆಯೋಣ.

ಇದು ಪಠ್ಯಕ್ರಮದಲ್ಲಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳಿಗಾಗಿ ಮೀಸಲಿರುವ ಅವಧಿಗಳಲ್ಲಿ ನಾನು ಸೇರಿಸಿಕೊಂಡ ಓದು. ‘ನಮ್ಮ ಹುಡುಗರಿಗೆ ಇಂಗ್ಲಿಷಿನಲ್ಲಿ ಒಂದು ರಜೆ ಅರ್ಜಿ ಬರೆಯಲು ಬರುವುದಿಲ್ಲ, ನೀವು ಅಮೆರಿಕದ ಧೂಮಕೇತು ತೋರಿಸುತ್ತಿದ್ದೀರಿ’ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ರಜೆ ಅರ್ಜಿಯನ್ನಷ್ಟೇ ಕಲಿಸುವುದಾದರೆ ಅದಕ್ಕೆ ಸಾಹಿತ್ಯದ ತರಗತಿ ಬೇಕಿಲ್ಲ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳಕ್ಕೆ ಇದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆಮೇಲೆ ಕಾರಟಗಿ, ಕನಕಗಿರಿ, ಕುಕನೂರುಗಳು ತಾಲ್ಲೂಕುಗಳಾದರೂ ಜನರ ಬಾಯಲ್ಲಿ ಇಂದಿಗೂ ನಾಲ್ಕರದೇ ಲೆಕ್ಕ. ನನ್ನ ತರಗತಿಯ ಬೆಂಚುಗಳೂ ಆ ಲೆಕ್ಕದಲ್ಲೇ ತುಂಬುತ್ತವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಕಡೆಯವರು ಭತ್ತದ ಮಾತಾಡುತ್ತಾರೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯವರು ಗುಳೆಯ ಮಾತಾಡುತ್ತಾರೆ. 2011ರ ಜನಗಣತಿಯಂತೆ ಜಿಲ್ಲೆಯ ಸುಮಾರು 13.9 ಲಕ್ಷ ಜನರಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸೇರಿದವರು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳ ಹಾಜರಿ ನನ್ನ ಪುಸ್ತಕದಲ್ಲಿ ಕಣ್ಣಿಗೆ ಕಾಣುವಂತೆ ಸುಧಾರಿಸಿದೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳು ನೆಲೆಸಿದ ಊರುಗಳಲ್ಲಿ ಕೊಪಣ ನಗರವನ್ನೂ ಎಣಿಸಿದ್ದಾನೆ. ಆ ತಿರುಳಿನ ವಾರಸುದಾರರ ಮಾತನ್ನು ಬೆಂಗಳೂರಿನ ಧಾರಾವಾಹಿಗಳು ನಗೆಗೆ ಬಳಸಿಕೊಳ್ಳುವುದು ಬೇರೆಯ ಸಂಗತಿ.

ಇಂತಹ ತರಗತಿಯಲ್ಲಿ ಜಾತಿಯ ಕುರಿತು ಓದಿಸುವುದು ಹೇಗೆ? ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ನಮ್ಮ ಭಾಷೆಯ ದೊಡ್ಡ ಪುಸ್ತಕಗಳು. ಅವುಗಳನ್ನು ಓದಿಸದೆ ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಆ ಪುಟಗಳನ್ನು ಗಟ್ಟಿಯಾಗಿ ಓದುವಾಗ ತರಗತಿಯ ಕಣ್ಣುಗಳೆಲ್ಲ ಎತ್ತ ಹೊರಳುತ್ತವೆ ಎಂಬುದನ್ನು ಪಾಠ ಮಾಡಿದವರೆಲ್ಲ ಬಲ್ಲರು. ಕೆಲವು ಬೆಂಚುಗಳ ಕಡೆಗೆ ಒಂದು ಕಳ್ಳನೋಟ ಹರಿಯುತ್ತದೆ. ಆ ಬೆಂಚಿನ ಹುಡುಗ ತಲೆ ಬಗ್ಗಿಸಿ ಪುಸ್ತಕದ ಅಂಚಿನಲ್ಲಿ ಗೆರೆ ಎಳೆಯುತ್ತಾನೆ. ಉಳಿದವರು ಮರುಕದ ಮುಖ ಹೊತ್ತು ಕೂರುತ್ತಾರೆ. ಪರೀಕ್ಷೆಯಲ್ಲಿ ಎಲ್ಲರೂ ‘ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು’ ಎಂದು ಬರೆಯುತ್ತಾರೆ, ಎಲ್ಲರಿಗೂ ಅಂಕ ಬರುತ್ತದೆ, ಯಾರೂ ಏನನ್ನೂ ಹೇಳಿರುವುದಿಲ್ಲ.

ಹೇಳದಿರುವುದಕ್ಕೆ ಕಾರಣಗಳಿವೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲು ಮತ್ತು ಕ್ಷೌರದ ಅಂಗಡಿಗಳಲ್ಲಿ ಪ್ರವೇಶವಿಲ್ಲವೆಂಬುದು ಅಲ್ಲಿನ ಹಳೆಯ ವ್ಯಾಜ್ಯ. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದೆ ಹೈಕೋರ್ಟಿನಲ್ಲಿ ಅವರಲ್ಲಿ ಬಹುತೇಕರಿಗೆ ಜಾಮೀನು ದೊರೆಯಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಕೂಸೊಂದು ಹನುಮಂತನ ಗುಡಿಯೊಳಗೆ ಓಡಿಹೋಯಿತೆಂದು, ಶುದ್ಧೀಕರಣದ ಖರ್ಚಿಗಾಗಿ ಅದರ ಮನೆಯವರಿಂದ 25 ಸಾವಿರ ರೂಪಾಯಿ ಕೇಳಲಾಯಿತು. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರ ಆಗಸ್ಟ್ 17ರಂದು, ಕ್ಷೌರ ಮಾಡಿಸಿಕೊಳ್ಳಲು ಹೋದ ದಲಿತ ಯುವಕನೊಬ್ಬ ಕೊಲೆಯಾದ. ಇವು ಪತ್ರಿಕೆಗಳಲ್ಲಿ ಬಂದ ಸುದ್ದಿಗಳು. ಬಾರದವುಗಳನ್ನು ವಿದ್ಯಾರ್ಥಿಗಳು ಬಲ್ಲರು. ಒಂದೇ ಬಸ್ಸಿನಲ್ಲಿ ಬಂದು ಒಂದೇ ಕೋಣೆಯಲ್ಲಿ ಕೂರುವ ಮಕ್ಕಳಲ್ಲಿ ಇಂತಹ ಪ್ರಕರಣಗಳ ಎರಡೂ ಕಡೆಯ ಮನೆಯವರು ಇರಬಹುದು. ‘ನಿಮ್ಮ ಊರಿನ ಬಗ್ಗೆ ಬರೆಯಿರಿ’ ಎಂದು ಅವರಿಗೆ ಹೇಳುವುದು ಅಧ್ಯಾಪಕರಿಗೆ ಸುಲಭ. ಸಂಜೆಯ ಬಸ್ಸಿನಲ್ಲಿ ಅದೇ ಊರಿಗೆ ಹಿಂದಿರುಗಬೇಕಾದವರು ಅವರು.

ಆದ್ದರಿಂದ ನಾನು ಸುತ್ತುದಾರಿ ಹಿಡಿದೆ. ಮೊದಲ ಪಾಠವಾಗಿ ತೆಗೆದುಕೊಂಡದ್ದು ಡಬ್ಲ್ಯು. ಇ. ಬಿ. ಡುಬಾಯ್ಸ್ 1920ರಲ್ಲಿ ‘ಡಾರ್ಕ್‌ವಾಟರ್’ ಎಂಬ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದ ‘ದಿ ಕಾಮೆಟ್’ ಎಂಬ ಸಣ್ಣಕಥೆಯನ್ನು. ಡುಬಾಯ್ಸ್ ಸಮಾಜಶಾಸ್ತ್ರಜ್ಞರು, ಇತಿಹಾಸಕಾರರು, ಕಪ್ಪುಜನರ ಹಕ್ಕುಗಳ ಹೋರಾಟದ ಹಿರಿಯರು. ಅಂಕಿಅಂಶಗಳ ಗಂಭೀರ ಗ್ರಂಥಗಳನ್ನು ಬರೆದ ಈ ವಿದ್ವಾಂಸರು ಒಂದು ಧೂಮಕೇತುವಿನ ಕಥೆಯನ್ನೇಕೆ ಬರೆದರು ಎಂಬ ಪ್ರಶ್ನೆಯೇ ಒಂದು ಒಳ್ಳೆಯ ಪಾಠ.

ಕಥೆಯ ನಾಯಕ ಜಿಮ್ ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಓಲೆ ಮುಟ್ಟಿಸುವ ಕಪ್ಪು ನೌಕರ. ಹಳೆಯ ಕಡತ ತರಲೆಂದು ಅವನನ್ನು ನೆಲಮಾಳಿಗೆಯ ತಳಕ್ಕೆ ಕಳುಹಿಸುತ್ತಾರೆ. ಬೇರೆ ಯಾರೂ ಇಳಿಯಲೊಲ್ಲದ ಜಾಗವದು. ಅವನು ಅಲ್ಲಿರುವಾಗ ಧೂಮಕೇತುವಿನ ವಿಷಾನಿಲ ನಗರವನ್ನು ಹಾಯ್ದುಹೋಗುತ್ತದೆ. ಮೇಲೆ ಬಂದು ನೋಡಿದರೆ ಎಲ್ಲೆಡೆ ಹೆಣಗಳು. ಹಸಿದ ಜಿಮ್ ದೊಡ್ಡ ಬೀದಿಯ ಹೋಟೆಲೊಂದನ್ನು ಹೊಕ್ಕು ಊಟ ಮಾಡುತ್ತಾನೆ. ಹಿಂದಿನ ದಿನವಾಗಿದ್ದರೆ ಅಲ್ಲಿ ಅವನಿಗೆ ಬಡಿಸುತ್ತಿರಲಿಲ್ಲವೆಂಬುದನ್ನು ನೆನೆಯುತ್ತಾನೆ. ಮುಂದೆ ಬದುಕುಳಿದ ಒಬ್ಬ ಶ್ರೀಮಂತ ಬಿಳಿಯ ತರುಣಿ ಸಿಗುತ್ತಾಳೆ. ಲೋಕದಲ್ಲಿ ಉಳಿದವರು ತಾವಿಬ್ಬರೇ ಎಂದುಕೊಂಡಾಗ ಅವರ ನಡುವಿನ ಗೋಡೆ ಕರಗತೊಡಗುತ್ತದೆ. ಅಷ್ಟರಲ್ಲಿ ಆಕೆಯ ತಂದೆ, ಭಾವೀ ಪತಿ ಬರುತ್ತಾರೆ. ಸತ್ತದ್ದು ನ್ಯೂಯಾರ್ಕ್ ಮಾತ್ರ, ಹೊರಲೋಕ ಎಂದಿನಂತೆಯೇ ಇದೆ. ಜಿಮ್‌ನನ್ನು ಕಂಡ ಗುಂಪಿನ ಬಾಯಿಂದ ಹೊರಡುವ ಮೊದಲ ಮಾತು ಅವನನ್ನು ಗಲ್ಲಿಗೇರಿಸುವುದರ ಕುರಿತು. ಕೊನೆಯಲ್ಲಿ ಅವನ ಹೆಂಡತಿ ಸತ್ತ ಮಗುವನ್ನು ಎತ್ತಿಕೊಂಡು ಬರುತ್ತಾಳೆ.

ಇಂಗ್ಲಿಷ್ ಪಠ್ಯವನ್ನು ಕೈಯಲ್ಲಿಟ್ಟು, ಕಷ್ಟದ ಭಾಗಗಳನ್ನು ಕನ್ನಡದಲ್ಲಿ ಹೇಳುತ್ತ ಎರಡು ಅವಧಿಗಳಲ್ಲಿ ಇದನ್ನು ಮುಗಿಸಿದೆ. ಹೋಟೆಲಿನ ಸಂದರ್ಭ ಬಂದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಅಂದ್ರ ಮೇಡಂ, ಊರ ಮಂದಿ ಎಲ್ಲಾ ಸತ್ತ ಮ್ಯಾಲ ಹೋಟೆಲ್ ಬಾಗಲಾ ತೆಗಿತೇನ್ರಿ?” ತರಗತಿ ನಕ್ಕಿತು. ಆಮೇಲೆ ನಗು ನಿಂತಿತು. ನಿಂತದ್ದು ಯಾಕೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೇಳಿದವನು ಯಾವ ಕೇರಿಯವನೆಂದು ನಾನು ಇಲ್ಲಿ ಹೇಳುವುದಿಲ್ಲ. ಓದುಗರು ಊಹಿಸಿಕೊಂಡದ್ದು ತಪ್ಪಿರಲೂಬಹುದು. ಮುಂದಿನ ಮುಕ್ಕಾಲು ಗಂಟೆ ನಡೆದ ಚರ್ಚೆಯಲ್ಲಿ ‘ಜಾತಿ’ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ. ಬಂದದ್ದು ಪ್ರತ್ಯೇಕ ಲೋಟ, ಹೊರಗೆ ಹಾಕಿದ ಬೆಂಚು, ಪಾರ್ಸೆಲ್ ಮಾತ್ರ ಕೊಡುವ ಅಂಗಡಿ. ಎಲ್ಲವೂ ನ್ಯೂಯಾರ್ಕಿನ ಹೆಸರಿನಲ್ಲಿ. ಗಂಗಾವತಿ ಕಡೆಯ ಒಬ್ಬ ವಿದ್ಯಾರ್ಥಿ, ಅವನ ಮನೆತನ ಊರಿನಲ್ಲಿ ಉಳ್ಳವರದು, ಕೇಳಿದ: “ಆ ಗುಂಪಿನ್ಯಾಗ ಒಬ್ಬರೂ ಬ್ಯಾಡ ಅನ್ನಲಿಲ್ಲೇನ್ರಿ?” ಒಂದು ಆತ್ಮಕಥೆಯನ್ನು ಓದಿಸಿದ್ದರೆ ಈ ಪ್ರಶ್ನೆ ಈ ಬಾಯಿಂದ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಅಲ್ಲಿ ಅವನು ಆರೋಪಿಯ ಸ್ಥಾನದಲ್ಲಿ ಕೂತು ಕೇಳುತ್ತಿದ್ದ. ಇಲ್ಲಿ ಅವನಿಗೆ ಒಂದು ಗುಂಪನ್ನು ಹೊರಗಿನಿಂದ ನೋಡುವ ಅವಕಾಶ ಸಿಕ್ಕಿತು.

ಈ ನಂಟನ್ನು ನಾನು ಹೊಸದಾಗಿ ಕಟ್ಟಿದ್ದೇನೂ ಅಲ್ಲ. ಜೋತಿರಾವ್ ಫುಲೆ ತಮ್ಮ ‘ಗುಲಾಮಗಿರಿ’ಯನ್ನು 1873ರಲ್ಲಿ ಅಮೆರಿಕದ ಜನರಿಗೆ, ಅವರು ಗುಲಾಮರನ್ನು ಬಿಡುಗಡೆಗೊಳಿಸಿದ್ದಕ್ಕಾಗಿ, ಅರ್ಪಿಸಿದ್ದರು. 1946ರಲ್ಲಿ ಅಂಬೇಡ್ಕರ್ ಡುಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪುಜನರು ಸಲ್ಲಿಸಿದ ಮನವಿಯ ಪ್ರತಿಗಳನ್ನು ಕೇಳಿದ್ದರು. ಡುಬಾಯ್ಸ್ ಆದರದಿಂದ ಉತ್ತರಿಸಿದ್ದರು. ಅದಕ್ಕೂ ಮೊದಲು, 1928ರಲ್ಲಿ, ಡುಬಾಯ್ಸ್ ‘ಡಾರ್ಕ್ ಪ್ರಿನ್ಸೆಸ್’ ಎಂಬ ಕಾದಂಬರಿ ಬರೆದು ಭಾರತದ ರಾಜಕುಮಾರಿಯೊಬ್ಬಳನ್ನೂ ಅಮೆರಿಕದ ಕಪ್ಪು ತರುಣನನ್ನೂ ಒಂದುಗೂಡಿಸಿದ್ದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರರು ಹೆಸರನ್ನೇ ಅಲ್ಲಿಂದ ತಂದರು. ಅಲೆಕ್ಸ್ ಹೇಲಿಯ ‘ರೂಟ್ಸ್’ ಬಂಜಗೆರೆ ಜಯಪ್ರಕಾಶರಿಂದ ‘ತಲೆಮಾರು’ ಆಗಿ ಕನ್ನಡಕ್ಕೆ ಬಂತು. ಆದರೆ ಈ ಎಲ್ಲ ಕೊಡುಕೊಳೆಯಲ್ಲಿ ನಾವು ತಂದುಕೊಂಡದ್ದು ಬಹುಪಾಲು ನೋವಿನ ದಾಖಲೆಗಳನ್ನು ಮತ್ತು ಸಿಟ್ಟಿನ ಹಾಡುಗಳನ್ನು. ಅವರ ಕನಸುಗಳನ್ನೂ ದುಃಸ್ವಪ್ನಗಳನ್ನೂ ಹಡಗಿನಲ್ಲೇ ಬಿಟ್ಟುಬಂದೆವು. ವೈಜ್ಞಾನಿಕ ಕಥೆಯೆಂದರೆ ಹೈಸ್ಕೂಲು ಹುಡುಗರ ಕಾಲಕ್ಷೇಪವೆಂಬ ತಾತ್ಸಾರ ನಮ್ಮ ವಿಮರ್ಶೆಗೆ ಹಳೆಯದು. ರಾಜಶೇಖರ ಭೂಸನೂರಮಠರನ್ನು ಓದಿ ಬೆಳೆದ ನನ್ನಂಥವರು ಎಂ.ಎ. ಸೇರಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಮೆರಿಕದಲ್ಲಿಯೂ ಆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಆಕ್ಟೇವಿಯಾ ಬಟ್ಲರ್ 1947ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡಿನಾದಲ್ಲಿ ಹುಟ್ಟಿದವರು. ತಾಯಿ ಬಿಳಿಯರ ಮನೆಗೆಲಸ ಮಾಡುತ್ತಿದ್ದರು, ಹಿತ್ತಿಲ ಬಾಗಿಲಿನಿಂದಲೇ ಒಳಗೆ ಹೋಗುತ್ತಿದ್ದರು. ಜೊತೆಗೆ ಹೋಗುತ್ತಿದ್ದ ಮಗಳು ಅದನ್ನು ನೋಡಿ ನಾಚಿಕೆಪಟ್ಟು, ಮುಂದೆ ದೊಡ್ಡವಳಾದಾಗ ತಾನು ಉಂಡ ಅನ್ನ ಆ ಬಾಗಿಲಿನಿಂದಲೇ ಬಂದದ್ದೆಂದು ಅರಿತಳು. 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ಪಡೆದ ಮೊದಲ ವೈಜ್ಞಾನಿಕ ಕಥೆಗಾರರಾದ ಬಟ್ಲರ್ 2006ರಲ್ಲಿ ತೀರಿಕೊಂಡರು. ಅವರ ನಂತರದ ಪೀಳಿಗೆಯ ಎನ್. ಕೆ. ಜೆಮಿಸಿನ್ 2016ರಿಂದ 2018ರವರೆಗೆ ಸತತ ಮೂರು ವರ್ಷ ಹ್ಯೂಗೋ ಪ್ರಶಸ್ತಿ ಗಳಿಸಿದರು. ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರವನ್ನು ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಮೊಬೈಲಿನಲ್ಲಿ ನೋಡಿದ್ದಾರೆ. ಹಾಗಾಗಿ ಪೀಠಿಕೆ ಹಾಕುವ ಶ್ರಮ ಅಷ್ಟರಮಟ್ಟಿಗೆ ತಪ್ಪಿತು.

ಬಟ್ಲರ್ ಹಿತ್ತಿಲ ಬಾಗಿಲಿನ ಪ್ರಶ್ನೆಯನ್ನೇ ಹಿಡಿದು ಬರೆದ ಕಾದಂಬರಿ 1979ರ ‘ಕಿಂಡ್ರೆಡ್’. ಬಂಧುಗಳು, ರಕ್ತಸಂಬಂಧಿಗಳು ಎಂದು ಅರ್ಥ. 1976ರ ಲಾಸ್ ಏಂಜಲೀಸಿನಲ್ಲಿರುವ ಡೇನಾ ಎಂಬ ಕಪ್ಪು ಲೇಖಕಿ ತನ್ನ 26ನೇ ಹುಟ್ಟುಹಬ್ಬದಂದು ತಲೆಸುತ್ತಿ ಬಿದ್ದವಳು ಹತ್ತೊಂಬತ್ತನೇ ಶತಮಾನದ ಆರಂಭದ ಮೇರಿಲ್ಯಾಂಡಿನಲ್ಲಿ ಎಚ್ಚರಗೊಳ್ಳುತ್ತಾಳೆ. ಅಲ್ಲಿ ರೂಫಸ್ ಎಂಬ ಬಿಳಿಯ ಬಾಲಕ ನೀರಿನಲ್ಲಿ ಮುಳುಗುತ್ತಿದ್ದಾನೆ. ಅವನು ಗುಲಾಮರ ಒಡೆಯನ ಮಗ. ಅವನ ಪ್ರಾಣಕ್ಕೆ ಅಪಾಯ ಬಂದಾಗಲೆಲ್ಲ ಡೇನಾ ಹಿಂದಕ್ಕೆ ಸೆಳೆಯಲ್ಪಡುತ್ತಾಳೆ, ಪ್ರತಿ ಸಲವೂ ಉಳಿಸುತ್ತಾಳೆ. ಏಕೆಂದರೆ ಅವನೇ ಅವಳ ಮುತ್ತಜ್ಜಿಯ ಪೀಳಿಗೆಗೆ ಮೂಲಪುರುಷ. ಅವನು ದೊಡ್ಡವನಾಗಿ ಆಲಿಸ್ ಎಂಬ ಕಪ್ಪು ಹೆಣ್ಣನ್ನು ಬಲವಂತದಿಂದ ತನ್ನವಳಾಗಿಸಿಕೊಳ್ಳದಿದ್ದರೆ ಡೇನಾ ಹುಟ್ಟುವಂತೆಯೇ ಇಲ್ಲ. ಕಾಲಪ್ರಯಾಣಕ್ಕೆ ಯಂತ್ರವಿಲ್ಲ, ವೈಜ್ಞಾನಿಕ ವಿವರಣೆಯೂ ಇಲ್ಲ. ಕೊನೆಯ ಪ್ರಯಾಣದಿಂದ ಮರಳುವಾಗ ಡೇನಾಳ ಎಡತೋಳು ಗೋಡೆಯಲ್ಲಿ ಸಿಕ್ಕಿ ಅಲ್ಲೇ ಉಳಿದುಬಿಡುತ್ತದೆ.

ಈ ಕಾದಂಬರಿಯ ಆಯ್ದ ಭಾಗಗಳನ್ನು ಓದುತ್ತಿದ್ದಾಗ ಒಬ್ಬಳು ಕೇಳಿದಳು: “ಆಕಿ ಆ ಹುಡುಗನ್ನ ಪ್ರತಿ ಸಲ ಯಾಕ ಉಳಸ್ತಾಳ್ರಿ ಮೇಡಂ? ಸಾಯ್ಲಿ ಅಂತ ಬಿಟ್ಟು ಬರಬಾರ್ದಾ?” ನಾನು ಉತ್ತರಿಸುವುದಕ್ಕೆ ಮೊದಲೇ ಕಿಟಕಿಯ ಬಳಿ ಕೂತಿದ್ದ ಇನ್ನೊಬ್ಬಳು, ವರ್ಷವಿಡೀ ಬಾಯಿ ತೆರೆಯದಿದ್ದವಳು, ಹೇಳಿದಳು: “ಬಿಟ್ರ ಆಕಿನ ಇರೂದಿಲ್ಲಲ್ಲ.”

ಆ ಮಾತಿನ ಹಿಂದೆ ಏನಿತ್ತೆಂಬುದು ಅವಳು ಒಪ್ಪಿಸಿದ ನಿಯೋಜಿತ ಬರಹದಲ್ಲಿ ಗೊತ್ತಾಯಿತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವಳ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತಿದ್ದೇನೆ. ಅವಳ ತಾಯಿ ದೇವರಿಗೆ ಬಿಟ್ಟವಳು. ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ ಬಂದದ್ದು 1982ರಲ್ಲಿ. ಆಮೇಲೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಗುರುತಿಸಿದ ಮಾಜಿ ದೇವದಾಸಿಯರ ಸಂಖ್ಯೆ 46 ಸಾವಿರಕ್ಕೂ ಹೆಚ್ಚು. ಕೊಪ್ಪಳವು ಆ ಪಟ್ಟಿಯ ಜಿಲ್ಲೆಗಳಲ್ಲೊಂದು. ಶಾಲೆಗೆ ಸೇರುವಾಗ, ಪರೀಕ್ಷೆಗೆ ಕಟ್ಟುವಾಗ, ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ‘ತಂದೆಯ ಹೆಸರು’ ಎಂಬ ಕಲಂ ಅವಳ ಎದುರು ನಿಲ್ಲುತ್ತಿತ್ತು. ತನ್ನದೇ ಹಣೆ, ತನ್ನದೇ ಮೂಗು ಇರುವ ಮನುಷ್ಯ ಊರ ಚಹಾದಂಗಡಿಯ ಮುಂದೆ ದಿನವೂ ಕೂತಿರುತ್ತಾನೆ, ಅವನು ತನ್ನನ್ನು ಕಂಡರೂ ಕಾಣದವನ ಹಾಗೆ ಮುಖ ತಿರುಗಿಸುತ್ತಾನೆ, ಅವನಿಗೆ ಕಾಯಿಲೆಯಾದಾಗ ತಾಯಿ ದೇವರ ಮುಂದೆ ದೀಪ ಹಚ್ಚಿದ್ದಳು ಎಂದು ಅವಳು ಬರೆದಿದ್ದಳು. ಆ ದೀಪವನ್ನು ಕಂಡು ತಾಯಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲವಂತೆ. ಆದರೆ ಡೇನಾ ನೀರಿಗಿಳಿದು ಆ ಹುಡುಗನನ್ನು ಎಳೆದು ದಡಕ್ಕೆ ಹಾಕಿದ್ದನ್ನು ಓದಿದ ಮೇಲೆ, ದೀಪ ಹಚ್ಚುವವರ ಬಗ್ಗೆ ಯೋಚಿಸಲು ಒಂದು ದಾರಿ ಸಿಕ್ಕಿದೆಯಂತೆ. ಬರಹ ಕನ್ನಡದಲ್ಲಿತ್ತು. ಇಂಗ್ಲಿಷ್ ಪತ್ರಿಕೆಯ ನಿಯೋಜಿತ ಬರಹ ಕನ್ನಡದಲ್ಲಿರಬಹುದೇ ಎಂದು ಯಾರಾದರೂ ಕೇಳುವರೇನೋ. ನಾನು ಪೂರ್ಣ ಅಂಕ ಕೊಟ್ಟೆ.

ವಾಸ್ತವವಾದಿ ಕಥೆಯೊಂದು ಈ ಸ್ಥಿತಿಯನ್ನು ಹೇಳಲಾರದೆಂದಲ್ಲ. ಆದರೆ ಅಲ್ಲಿ ಅದು ‘ದೇವದಾಸಿ ಸಮಸ್ಯೆ’ ಆಗಿಬಿಡುತ್ತದೆ, ಅದಕ್ಕೆ ಇಲಾಖೆಯಿದೆ, ಯೋಜನೆಯಿದೆ, ಮಾಸಾಶನವಿದೆ. ತನ್ನನ್ನು ಒಪ್ಪದ ಮನುಷ್ಯನ ಪ್ರಾಣಕ್ಕೆ ತನ್ನ ಅಸ್ತಿತ್ವ ಗಂಟುಬಿದ್ದಿರುವ ವಿಚಿತ್ರವನ್ನು ಹಿಡಿಯಲು ಡೇನಾಳ ಅಸಂಭವ ಪ್ರಯಾಣವೇ ಬೇಕಾಯಿತು. ವಿಚಿತ್ರವಾದ ಬದುಕಿಗೆ ವಿಚಿತ್ರವಾದ ಕಥೆ ಹೆಚ್ಚು ನಿಷ್ಠವಾಗಿರಬಲ್ಲದು.

ಹಾಗೆ ನೋಡಿದರೆ ಈ ನೆಲಕ್ಕೆ ಊಹಾಕಥನ ಪರಕೀಯವೂ ಅಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾಸಮಾಧಿಗಳಿವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಊರಿನವರಿಗೆ ಅದು ಮೋರ್ಯರ ಗುಡ್ಡ, ಗುಜ್ಜಾರಿ ಮನುಷ್ಯರು ಕಟ್ಟಿಕೊಂಡ ಮನೆಗಳು. ನಮಗಿಂತ ಮುಂಚೆ ಬೇರೆಯೇ ಬಗೆಯ ಜನ ಇಲ್ಲಿದ್ದರು, ಅವರ ಲೋಕ ಮುಗಿದುಹೋಯಿತು ಎಂಬ ಊಹೆಯೊಳಗೆ ಒಂದು ಕಾದಂಬರಿಯೇ ಅಡಗಿದೆ. ಹೊಳೆಯಾಚೆಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ವಾಕ್ಯದ ಕಾರಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಅದನ್ನು ಮಳೆಗೂ ಬೆಳೆಗೂ ರಾಜಕೀಯಕ್ಕೂ ಅನ್ವಯಿಸಿಕೊಳ್ಳುತ್ತ ಮನೆಗೆ ಹೋಗುತ್ತಾರೆ. ನನ್ನ ಮಟ್ಟಿಗೆ ಅದೊಂದು ಸಾಮೂಹಿಕ ಸಾಹಿತ್ಯ ವಿಮರ್ಶೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಇರುಳಿನಲ್ಲಿ ಮನೆಮನೆಯ ಜೋತಮ್ಮಗಳು ಸೇರಿ ಮಾತಾಡುತ್ತವೆ, ಮಂಚ ಕಥೆ ಹೇಳುತ್ತದೆ. ನಮ್ಮ ದಲಿತ ಸಾಹಿತ್ಯದ ಅತ್ಯುತ್ತಮ ಕೃತಿ ವರದಿಯ ದಾರಿಯನ್ನು ಬಿಟ್ಟೇ ನಡೆಯಿತು. ಬಟ್ಲರ್ ಓದಿದ ಮೇಲೆ ‘ಕುಸುಮಬಾಲೆ’ಯ ಕೆಲವು ಪುಟಗಳನ್ನು ಕೊಟ್ಟಾಗ, ಅದರ ನಂಜನಗೂಡು ಸೀಮೆಯ ನುಡಿಗೆ ಕೊಂಚ ತಡವರಿಸಿದರೂ, ಜೋತಮ್ಮಗಳನ್ನು ಯಾರೂ ಮೂಢನಂಬಿಕೆ ಎನ್ನಲಿಲ್ಲ.

ಕವಿತೆಯ ಮಾತು ಚಿಕ್ಕದು, ಏಕೆಂದರೆ ಅಲ್ಲಿ ನನಗೆ ಹೆಚ್ಚಿನ ಕೆಲಸವಿರಲಿಲ್ಲ. ಲ್ಯಾಂಗ್‌ಸ್ಟನ್ ಹ್ಯೂಸ್ ಹದಿಹರೆಯದಲ್ಲಿ, ರೈಲಿನಲ್ಲಿ ಮಿಸಿಸಿಪ್ಪಿಯನ್ನು ದಾಟುವಾಗ ಹೊಳೆದು ಬರೆದ, 1921ರಲ್ಲಿ ಡುಬಾಯ್ಸ್ ಸಂಪಾದಕತ್ವದ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ಅಚ್ಚಾದ ನದಿಗಳ ಕವಿತೆಯನ್ನು ತೆಗೆದುಕೊಂಡೆ. ಯೂಫ್ರೆಟಿಸ್, ಕಾಂಗೊ, ನೈಲ್ ನದಿಗಳ ದಂಡೆಯಲ್ಲಿ ತಾನೇ ಬಾಳಿದ್ದೆನೆಂದು ಹೇಳುವ ಆ ‘ನಾನು’ ಒಬ್ಬ ಹುಡುಗನ ‘ನಾನು’ ಅಲ್ಲವೆಂದು ವಿವರಿಸಬೇಕಾಗಲಿಲ್ಲ. ಮುನಿರಾಬಾದಿನ ಅಣೆಕಟ್ಟೆಯನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಬರುವವರು ತುಂಗಭದ್ರೆಯನ್ನು ಕುರಿತು ಬರೆದರು. ಕುಷ್ಟಗಿ ಕಡೆಯ ಹುಡುಗನೊಬ್ಬ ಮಾತ್ರ ತನ್ನೂರಿಗೆ ಹೊಳೆಯಿಲ್ಲ, ತಾನು ಬೋರ್‌ವೆಲ್ಲಿನ ಬಗ್ಗೆ ಬರೆಯುತ್ತೇನೆಂದ. ನೀರು ಸಿಗದೆ ಸಾವಿರ ಅಡಿ ಇಳಿದ ಅವನ ಬೋರ್‌ವೆಲ್ಲು ನಾನು ಆ ವರ್ಷ ಓದಿದ ಕವಿತೆಗಳಲ್ಲಿ ಮುಖ್ಯವಾದದ್ದು.

ಆಕ್ಷೇಪಗಳಿವೆ. ವರ್ಣವೂ ಜಾತಿಯೂ ಒಂದೇ ಅಲ್ಲವೆಂಬುದು ಅವುಗಳಲ್ಲಿ ಗಟ್ಟಿಯಾದದ್ದು. ಜಿಮ್ ಹೋಟೆಲಿನ ಬಾಗಿಲಲ್ಲಿ ನಿಂತರೆ ಅವನ ಮೈಬಣ್ಣವೇ ಅವನನ್ನು ಹೇಳಿಕೊಡುತ್ತದೆ. ನಮ್ಮಲ್ಲಿ ಕೇಳಿ ತಿಳಿಯಬೇಕು: ಯಾವ ಊರು, ಯಾರ ಮಗ, ಊರಿನ ಯಾವ ಕಡೆ ಮನೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ನನಗಿಂತ ಬೇಗ ಹಿಡಿದರು. ಹೋಲಿಕೆ ಎಲ್ಲಿ ಮುರಿಯುತ್ತದೋ ಅಲ್ಲಿಂದಲೇ ಒಳ್ಳೆಯ ಚರ್ಚೆ ಶುರುವಾಗುತ್ತದೆ. ಕಪ್ಪುಜನ ಎಂದರೆ ಅಮೆರಿಕದವರೆಂದೇ ತಿಳಿದಿದ್ದವರಿಗೆ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡುವ ಸಿದ್ದಿಗಳಿದ್ದಾರೆ, ಅವರ ಹಿರಿಯರು ಆಫ್ರಿಕದಿಂದ ಬಂದವರು ಎಂಬುದು ಸುದ್ದಿಯಾಯಿತು. ಅದಕ್ಕೂ ಒಂದು ಅವಧಿ ಕೊಟ್ಟೆ.

ಇಂಗ್ಲಿಷ್ ಬಾರದವರಿಗೆ ಇದೆಲ್ಲ ಏಕೆಂಬ ಆಕ್ಷೇಪಕ್ಕೆ ನನ್ನ ಉತ್ತರ ಸರಳ. ಕೇಳಬೇಕಾದದ್ದು ಸಿಕ್ಕಾಗ ಭಾಷೆ ತಾನಾಗಿ ಬರುತ್ತದೆ. ಡೇನಾಳ ತೋಳು ಏನಾಯಿತೆಂದು ತಿಳಿಯಲು ಹುಡುಗಿಯರು ಜೆರಾಕ್ಸ್ ಹಾಳೆಯ ಮೇಲೆ ನಿಘಂಟು ಹಿಡಿದು ಕೂತರು. ನಿಜವಾದ ಅಡಚಣೆ ಬೇರೆಡೆ ಇದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಯ ಪಠ್ಯ ಬಂತು. ಪ್ರತಿ ಬಾರಿಯೂ ಸಾಹಿತ್ಯದ ಪಾಲು ತೆಳ್ಳಗಾಗಿ ‘ಸಂವಹನ ಕೌಶಲ’ದ ಪಾಲು ದಪ್ಪಗಾಯಿತು. ಇಂತಹ ಓದನ್ನು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬಿಟ್ಟುಕೊಟ್ಟು, ಹಿಂದುಳಿದ ಜಿಲ್ಲೆಗಳಿಗೆ ಉದ್ಯೋಗದ ಇಂಗ್ಲಿಷ್ ಸಾಕೆಂದು ತೀರ್ಮಾನಿಸುವವರು ಯಾರು? ಪಠ್ಯ ಸಮಿತಿಗಳು ಮೊದಲ ಸೆಮಿಸ್ಟರಿನಲ್ಲಿ ಇಂತಹ ಒಂದು ಕಥೆ, ಒಂದು ಕವಿತೆಗೆ ಜಾಗ ಮಾಡಬೇಕು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಇವುಗಳ ಕನ್ನಡ ಅನುವಾದಗಳನ್ನು ಅಗ್ಗದ ಬೆಲೆಗೆ ಮುದ್ರಿಸಬೇಕು.

ಕಳೆದ ಸಾಲಿನಲ್ಲಿ ಬಟ್ಲರ್‌ರ 1993ರ ‘ಪ್ಯಾರಬಲ್ ಆಫ್ ದಿ ಸೋವರ್’ ಕಾದಂಬರಿಯ ಕೆಲವು ಅಧ್ಯಾಯಗಳನ್ನು ಕನ್ನಡದಲ್ಲಿ ಹೇಳಿದೆ. ಬರ, ಬೆಂಕಿ, ಸುಲಿಗೆಗಳಿಂದ ಹಾಳಾದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ ಎಂಬ ಕಪ್ಪು ಹುಡುಗಿ ಮನೆ ಸುಟ್ಟುಹೋದ ಮೇಲೆ ಬೀಜಗಳನ್ನು ಕಟ್ಟಿಕೊಂಡು ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆಯುತ್ತಾಳೆ. ದಾರಿಯುದ್ದಕ್ಕೂ ಹಾಗೆಯೇ ನಡೆಯುವ ಜನ. “ಇದು ಗುಳೆ ಅಲ್ಲೇನ್ರಿ” ಎಂದರು ಯಲಬುರ್ಗಾದವರು. ಕಾದಂಬರಿ ದಿನಚರಿಯ ರೂಪದಲ್ಲಿದೆ. ಅದರ ಮೊದಲ ದಿನಾಂಕ 2024ರ ಜುಲೈ 20. ನಾನು ಆ ದಿನಾಂಕವನ್ನು ಹಲಗೆಯ ಮೇಲೆ ಬರೆದು, ನಮ್ಮಲ್ಲಿ ಆ ದಿನಗಳಲ್ಲಿ ಏನೇನಾಯಿತೆಂದು ಕೇಳಿದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಸಂಗನಾಳದ ಹೆಸರನ್ನು ಒಬ್ಬನೇ ಹೇಳಿದ. ಮರಕುಂಬಿಯ ತೀರ್ಪನ್ನು ಯಾರೂ ಹೇಳಲಿಲ್ಲ, ಆದರೆ ಒಬ್ಬಳು ಎದ್ದು ಬಂದು ಹಲಗೆಯ ಮೇಲೆ ‘ಅಕ್ಟೋಬರ್ 24’ ಎಂದಷ್ಟೇ ಬರೆದು ತನ್ನ ಜಾಗಕ್ಕೆ ಹೋಗಿ ಕೂತಳು.

ಆ ಸೆಮಿಸ್ಟರಿನ ಕೊನೆಯ ನಿಯೋಜಿತ ಬರಹ: ನಿಮ್ಮೂರು 2100ರಲ್ಲಿ. ಹೆಚ್ಚಿನವರು ನೀರು ತಂದರು, ರೈಲು ತಂದರು, ಆಸ್ಪತ್ರೆ ಕಟ್ಟಿದರು. ಒಬ್ಬನ ಕಥೆಯಲ್ಲಿ ಊರಿಗೆ ಕ್ಷೌರದ ಯಂತ್ರ ಬಂದಿದೆ. ಕುರ್ಚಿಯ ಮೇಲೆ ಕೂತರೆ ಸಾಕು, ಮನುಷ್ಯರಿಲ್ಲ, ಕೈ ತಾಗುವ ಮಾತಿಲ್ಲ. ನಾಯಕ ಕೂರುತ್ತಾನೆ. ಯಂತ್ರ ಹೆಸರು ಕೇಳುತ್ತದೆ, ಹೇಳುತ್ತಾನೆ. ತಂದೆಯ ಹೆಸರು ಕೇಳುತ್ತದೆ, ಹೇಳುತ್ತಾನೆ. ಆಮೇಲೆ ಅದು ಮನೆ ಊರಿನ ಯಾವ ಕಡೆಗೆ ಎಂದು ಕೇಳುತ್ತದೆ. ಕಥೆ ಅಲ್ಲಿಗೆ ನಿಂತಿದೆ. ಓದಿ ಹೇಳಿದಾಗ, ಯಂತ್ರಕ್ಕೆ ಆ ಪ್ರಶ್ನೆ ಕಲಿಸಿದವರು ಯಾರೆಂಬುದರ ಮೇಲೆ ತರಗತಿಯಲ್ಲಿ ಜಗಳವೇ ಆಯಿತು. ಗಂಟೆ ಹೊಡೆದ ಮೇಲೂ ವರಾಂಡದಲ್ಲಿ ಮುಂದುವರಿಯಿತು. ಕುಷ್ಟಗಿಯ ಬಸ್ಸು ಹೊರಡುವ ಹೊತ್ತಾಗಿದ್ದರಿಂದ ಅರ್ಧಕ್ಕೇ ಬಿಟ್ಟು ಓಡಿದರು.